ಟ್ರ್ಯಾಕ್ಟರ್ ಕುದಿಯುವುದು ಬಿಸಿಲಿಗಲ್ಲ

ಡಿಸೆಂಬರ್ ತಿಂಗಳ ರಾತ್ರಿ ಹತ್ತು ಗಂಟೆ ಮೇಲೆ ಜಮಖಂಡಿ, ಮುಧೋಳ, ಅಥಣಿ, ರಾಯಬಾಗ ಕಡೆಯ ಯಾವ ರಸ್ತೆಗಾದರೂ ಹೋಗಿ ನೋಡಿ. ಕಟ್ಟೆ ಮೇಲಿನ ಮುದುಕರು ಕಂಬಳಿ ಹೊದ್ದಿರುತ್ತಾರೆ, ಕಬ್ಬಿನ ಗ್ಯಾಂಗಿನವರು ರವದಿ ಸುಟ್ಟು ಮೈ ಕಾಯಿಸಿಕೊಳ್ಳುತ್ತಿರುತ್ತಾರೆ. ಅಲ್ಲೇ ಏರಿನ ಅರ್ಧದಲ್ಲಿ ಒಂದು ಟ್ರ್ಯಾಕ್ಟರ್ ನಿಂತಿರುತ್ತದೆ. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಗಾಲಿ ಕೆಳಗೆ ಕಲ್ಲು, ಬಾನೆಟ್ ಮೇಲೆ ಉಗಿ. ಡ್ರೈವರ್ ಕೈಯಲ್ಲಿ ಐದು ಲೀಟರಿನ ನೀರಿನ ಕ್ಯಾನು.

ಯಾಕೆ ನಿಂತಿರಿ ಅಂತ ಕೇಳಿದರೆ ಒಂದೇ ಉತ್ತರ: "ಗಾಡಿ ಹೀಟ್ ಆಗೇತ್ರಿ. ಸ್ವಲ್ಪ ನೀರ ಹಾಕ್ಕೊಂಡ ಹೊಂಟ್ರ ಆತು."

ಹಗಲು ಹೊತ್ತು ಆದರೆ ಬಿಸಿಲಿನ ಮೇಲೆ ಹಾಕುತ್ತಾರೆ. ರಾತ್ರಿ ಆದರೆ ಗಾಡಿ ಹಳೆಯದು ಅನ್ನುತ್ತಾರೆ. ಗಾಡಿ ಹೊಸದಾಗಿದ್ದರೆ ಕಂಪನಿಯ ಮೇಲೆ. ಲೋಡಿನ ಮೇಲೆ ಮಾತ್ರ ಯಾರೂ ಹಾಕುವುದಿಲ್ಲ. ನಮ್ಮ ತಂಡದ ಮೂವರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಇಬ್ಬರ ಮನೆಯಲ್ಲಿ ಕಬ್ಬು ಇದೆ. ಇದನ್ನು ಹೊರಗಿನವರಾಗಿ ಬರೆಯುತ್ತಿಲ್ಲ. ಆದರೂ ಹೇಳಲೇಬೇಕು: ಚಳಿಗಾಲದ ರಾತ್ರಿ ಕುದಿಯುವ ಟ್ರ್ಯಾಕ್ಟರ್ ತನ್ನ ಹಿಂದೆ ಎಷ್ಟು ಹೇರಿದ್ದಾರೆ ಅನ್ನುವುದನ್ನೇ ಹೇಳುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳದಂತೆ ಮಾಡಿರುವುದು ನಾವು ಸಾಗಣೆಗೆ ದುಡ್ಡು ಕೊಡುವ ರೀತಿ.

ಮೊದಲು ಎಚ್‌ಪಿ ಅನ್ನುವ ಮಾತು ನೋಡೋಣ. "ನಮ್ದು ಐವತ್ತು ಎಚ್‌ಪಿ ಐತಿ, ಎಷ್ಟರ ಹೇರ್ರಿ, ಜಗ್ಗತೈತಿ" ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಮೊಬೈಲಿನಲ್ಲಿ ಬರುವ ರೀಲ್ಸ್ ಕೂಡ ಇದನ್ನೇ ಹೇಳುತ್ತವೆ. ಮುಂದಿನ ಗಾಲಿ ಎದ್ದ ಟ್ರ್ಯಾಕ್ಟರ್, ಹಿಂದೆ ಗುಡ್ಡದಂಥ ಕಬ್ಬು, ಮೇಲೆ ಹಾಡು. ಎಚ್‌ಪಿ ಅಂದರೆ ಎಷ್ಟು ಟನ್ ಎಳೆಯುತ್ತದೆ ಅಂತಲ್ಲ. ಒಂದು ಕೆಲಸವನ್ನು ಎಷ್ಟು ಬೇಗ ಮಾಡಬಲ್ಲದು ಅಂತ. ಸಣ್ಣ ಇಂಜಿನ್ ಕೂಡ ಲೋ ಗೇರಿನಲ್ಲಿ ದೊಡ್ಡ ಹೇರು ಎಳೆಯುತ್ತದೆ, ನಿಧಾನವಾಗಿ. ಆ "ನಿಧಾನ" ಅನ್ನುವುದರಲ್ಲೇ ತೊಂದರೆ ಕೂತಿದೆ.

ಒಂದು ಲೆಕ್ಕ ಹಾಕೋಣ. ಟ್ರ್ಯಾಕ್ಟರ್, ಎರಡು ಟ್ರೇಲರ್, ಕಬ್ಬು ಎಲ್ಲ ಸೇರಿ 20 ಟನ್ ಅಂತ ಇಟ್ಟುಕೊಳ್ಳಿ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಾಲಿ ಉರುಳಿಸಲು ತೂಕದ ನೂರರಲ್ಲಿ ಎರಡು ಪಾಲಿನಷ್ಟು ಎಳೆತ ಸಾಕು, ಅಂದರೆ ಸುಮಾರು 400 ಕೆಜಿ. ಈಗ ನೂರು ಅಡಿ ಹೋದರೆ ಐದು ಅಡಿ ಏರುವ ರಸ್ತೆ ಬಂತು. ಕಣ್ಣಿಗೆ ಅದು ಏರು ಅಂತಲೂ ಅನ್ನಿಸುವುದಿಲ್ಲ, ಸೈಕಲ್ ತುಳಿದವನಿಗೆ ಮಾತ್ರ ಗೊತ್ತಾಗುತ್ತದೆ. ಅಲ್ಲಿ ತೂಕವನ್ನು ಮೇಲೆತ್ತಲು ಇನ್ನೂ 1,000 ಕೆಜಿ ಎಳೆತ ಬೇಕು. ಒಟ್ಟು 1,400. ಇಷ್ಟು ಸಣ್ಣ ಏರಿಗೆ ಎಳೆತ ಮೂರೂವರೆ ಪಟ್ಟು ಆಯಿತು.

ಈ 1,400 ಕೆಜಿ ಎಳೆತವನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಎಳೆಯಲು ಗಾಲಿಯ ಹತ್ತಿರವೇ ಸುಮಾರು 51 ಎಚ್‌ಪಿ ಬೇಕು. ನಿಮ್ಮ 50 ಎಚ್‌ಪಿ ಇಂಜಿನ್ನಿನ ಶಕ್ತಿ ಗೇರ್ ಬಾಕ್ಸ್, ಎಕ್ಸೆಲ್ ದಾಟಿ ಗಾಲಿಗೆ ಬರುವ ಹೊತ್ತಿಗೆ 41, 42 ಉಳಿದರೆ ಹೆಚ್ಚು. ಹಾಗಾಗಿ ಗಾಡಿ 8 ಕಿಲೋಮೀಟರ್ ವೇಗಕ್ಕೆ ಇಳಿಯುತ್ತದೆ. ಇನ್ನು ಐದು ಟನ್ ಹೆಚ್ಚಿಗೆ ಹೇರಿ 25 ಮಾಡಿದರೆ ಆರೂವರೆಗೆ. ಒಂದು ಕಿಲೋಮೀಟರ್ ಏರನ್ನು ಏಳೂವರೆ ನಿಮಿಷದಲ್ಲಿ ಹತ್ತುತ್ತಿದ್ದ ಗಾಡಿ ಈಗ ಒಂಬತ್ತು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಇಂಜಿನ್ ತನ್ನ ಪೂರ್ತಿ ಶಕ್ತಿಯಲ್ಲಿ ಉಸಿರು ಬಿಗಿಹಿಡಿದು ಓಡಬೇಕು.

ಪೂರ್ತಿ ಶಕ್ತಿ ಅಂದರೆ ಪೂರ್ತಿ ಶಾಖ. ಡೀಸೆಲ್ ಉರಿದು ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಾತ್ರ ಎಳೆಯಲು ಸಿಗುತ್ತದೆ. ಇನ್ನೊಂದು ದೊಡ್ಡ ಪಾಲು ಸೈಲೆನ್ಸರಿನಿಂದ ಹೋಗುತ್ತದೆ. ಉಳಿದದ್ದು ಇಂಜಿನ್ನಿನ ಸುತ್ತ ಹರಿಯುವ ನೀರಿಗೆ ಬಂದು ರೇಡಿಯೇಟರ್ ಮೂಲಕ ಗಾಳಿಗೆ ಸೇರಬೇಕು. 50 ಎಚ್‌ಪಿ ಇಂಜಿನ್ ಪೂರ್ತಿ ದುಡಿಯುವಾಗ ಹೀಗೆ ನೀರಿಗೆ ಬರುವ ಶಾಖ ಸುಮಾರು 25 ಕಿಲೋವ್ಯಾಟ್. ಪೇಟೆಯ ಮನೆಗಳ ಬಚ್ಚಲಿನಲ್ಲಿರುತ್ತದಲ್ಲ 2 ಕಿಲೋವ್ಯಾಟಿನ ಗೀಸರ್, ಅಂಥ ಹನ್ನೆರಡು ಒಟ್ಟಿಗೆ ಹಚ್ಚಿದ ಹಾಗೆ. ರೇಡಿಯೇಟರ್ ಕೆಲಸ ಪೂರ್ತಿ ನಿಂತರೆ ಈ ಶಾಖ 10 ಲೀಟರ್ ತಣ್ಣೀರನ್ನು ಎರಡು ನಿಮಿಷದಲ್ಲಿ ಕುದಿಸುತ್ತದೆ. ಚಳಿಗಾಲದ ರಾತ್ರಿ ಗಾಡಿ ಯಾಕೆ ಕುದಿಯುತ್ತದೆ ಅನ್ನುವುದಕ್ಕೆ ಇಷ್ಟು ಸಾಕು. ಬೆಂಕಿ ಹೊರಗಿಲ್ಲ, ಒಳಗಿದೆ.

ಜೀಪು, ಬೊಲೆರೋ ಓಡಿಸಿದವರು ಕೇಳಬಹುದು, ನಮ್ಮ ಗಾಡಿಯೂ ಡೀಸೆಲ್, ಅದು ಯಾಕೆ ಹೀಗೆ ಕುದಿಯುವುದಿಲ್ಲ ಅಂತ. ಅದು 60ರ ವೇಗದಲ್ಲಿ ಹೋಗುವಾಗ ಎದುರುಗಾಳಿ ಪುಕ್ಕಟೆಯಾಗಿ ರೇಡಿಯೇಟರಿಗೆ ನುಗ್ಗುತ್ತದೆ. ಆರು ಕಿಲೋಮೀಟರ್ ವೇಗದಲ್ಲಿ ತೆವಳುವ ಟ್ರ್ಯಾಕ್ಟರಿಗೆ ಆ ಭಾಗ್ಯವಿಲ್ಲ, ಎಲ್ಲ ಗಾಳಿಯನ್ನೂ ಫ್ಯಾನೇ ಎಳೆಯಬೇಕು. ಅದೇ ಜೀಪಿಗೆ ತೂಕದ ಟ್ರೇಲರ್ ಕಟ್ಟಿ ಘಾಟಿಯಲ್ಲಿ ಫಸ್ಟ್ ಗೇರಿನಲ್ಲಿ ಹತ್ತಿಸಿ, ಅದೂ ಕುದಿಯುತ್ತದೆ.

ಇಲ್ಲಿ ಹೆಚ್ಚಿನ ಡ್ರೈವರುಗಳು ಮಾಡುವ ಒಂದು ಕೆಲಸದ ಬಗ್ಗೆ ಹೇಳಬೇಕು. ಡೀಸೆಲ್ ಉಳಿಸಲು ಏರಿನಲ್ಲೂ ಹೈ ಗೇರಿನಲ್ಲೇ ಇಟ್ಟು ಇಂಜಿನ್ ಗುದ್ದಾಡಿಸುತ್ತಾರೆ. ಆರ್‌ಪಿಎಂ 2,000 ಇರಬೇಕಾದ್ದು 1,200ಕ್ಕೆ ಬಿದ್ದು ಢಗ್ ಢಗ್ ಅನ್ನುತ್ತಿರುತ್ತದೆ. ಫ್ಯಾನೂ ವಾಟರ್ ಪಂಪೂ ಇಂಜಿನ್ನಿನ ಬೆಲ್ಟಿಗೇ ಕಟ್ಟಿಕೊಂಡಿವೆ. ಇಂಜಿನ್ ತಿರುಗುವುದು ಕಡಿಮೆಯಾದರೆ ಅವೂ ಕಡಿಮೆ ತಿರುಗುತ್ತವೆ, ಗಾಳಿ ನೂರಕ್ಕೆ ನಲವತ್ತರಷ್ಟು ಕಡಿಮೆಯಾಗುತ್ತದೆ. ಆದರೆ ಪ್ರತಿ ಹೊಡೆತಕ್ಕೂ ಇಂಜಿನ್ ಪೂರ್ತಿ ಡೀಸೆಲ್ ಕುಡಿಯುತ್ತಿರುವುದರಿಂದ ಶಾಖ ಅಷ್ಟು ಕಡಿಮೆ ಆಗುವುದಿಲ್ಲ. ಏರು ಶುರುವಾಗುವ ಮುಂಚೆಯೇ ಒಂದು ಗೇರ್ ಇಳಿಸಿಕೊಳ್ಳುವವನ ಗಾಡಿ ತಣ್ಣಗೆ ಹತ್ತುತ್ತದೆ. ಏರಿನ ಮಧ್ಯದಲ್ಲಿ ಗೇರ್ ಇಳಿಸಲು ಹೋಗಿ ಹಿಂದಕ್ಕೆ ಜಾರಿದ ಡಬಲ್ ಟ್ರೇಲರ್ ಏನು ಮಾಡುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ.

ಹೊಲದಿಂದ ರಸ್ತೆಗೆ ಬರುವಾಗಿನ ಕಥೆ ಬೇರೆ. ಮೆತ್ತನೆ ಮಣ್ಣಿನಲ್ಲಿ ಗಾಲಿ ಹೂತರೆ ಅದೇ 20 ಟನ್ನಿಗೆ ಎರಡು ಸಾವಿರ ಕೆಜಿಗೂ ಹೆಚ್ಚು ಎಳೆತ ಬೇಕಾಗಬಹುದು. ಅಲ್ಲಿ ಇಂಜಿನ್ ಸೋಲುವುದಿಲ್ಲ, ದೊಡ್ಡ ಗಾಲಿಯ ಹಿಡಿತ ಸೋಲುತ್ತದೆ. ಅದಕ್ಕೇ ಮುಂದೆ ಇನ್ನೊಂದು ಟ್ರ್ಯಾಕ್ಟರ್ ಚೈನು ಹಾಕಿ ಎಳೆಯುತ್ತಾರೆ. ಚೈನು ಹರಿದರೆ ಬೀಸುವ ದಾರಿಯಲ್ಲಿ ಮಕ್ಕಳು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ ನಿಂತಿರುತ್ತಾರೆ. ಅವರನ್ನು ಹಿಂದಕ್ಕೆ ಕಳಿಸುವಷ್ಟು ಹೊತ್ತು ಯಾರಿಗಾದರೂ ಇರಬೇಕು.

ಇನ್ನು ರೇಡಿಯೇಟರಿನ ಮಾತು. ನ್ಯಾಯವಾಗಿ ಹೇಳಬೇಕೆಂದರೆ ಕಂಪನಿಯವರು ಪೂರ್ತಿ ಶಕ್ತಿಯ ಶಾಖವನ್ನು ತಾಳುವ ಹಾಗೇ ಅದನ್ನು ಮಾಡಿರುತ್ತಾರೆ. ಸ್ವಚ್ಛವಾಗಿದ್ದರೆ ಅದು ಆ ಏರನ್ನು ತಾಳುತ್ತದೆ. ಆದರೆ ಕಬ್ಬಿನ ಸೀಸನ್ನಿನಲ್ಲಿ ಅದು ಎಷ್ಟು ದಿನ ಸ್ವಚ್ಛವಾಗಿರುತ್ತದೆ? ರವದಿಯ ಚೂರು, ಹೊಲದ ದೂಳು, ಸೋರಿದ ಆಯಿಲ್ ಸೇರಿ ಜಾಳಿಗೆಯ ಸಂದಿಯಲ್ಲಿ ಬೆರಣಿ ತಟ್ಟಿದ ಹಾಗೆ ಕೂತಿರುತ್ತದೆ. ಅದರ ಮುಂದೆ ಅಂದಕ್ಕೆ ಹಾಕಿಸಿದ ದೊಡ್ಡ ಬಂಪರ್, ಅದರ ಮೇಲೆ ಹೆಸರಿನ ಬೋರ್ಡು, ಹೂವಿನ ಹಾರ. ಗಾಳಿ ಬರಲಿ ಅಂತ ಬಿಟ್ಟ ಜಾಗವನ್ನೆಲ್ಲ ನಾವೇ ಮುಚ್ಚಿ, ಆಮೇಲೆ ಹೀಟು ಅನ್ನುತ್ತೇವೆ. ಗಾಡಿಗೆ ಶೃಂಗಾರ ಬೇಡ ಅನ್ನುವುದಿಲ್ಲ, ಅದನ್ನು ಟ್ರೇಲರಿಗೆ ಮಾಡಿ. ಹಾಗೇ ಟ್ರೇಲರ್ ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಅಂಟಿಸಿದರೆ ಬೈಕಿನಲ್ಲಿ ಬರುವವರ ಮನೆಯವರೂ ನಿಮ್ಮನ್ನು ನೆನೆಯುತ್ತಾರೆ.

ರೇಡಿಯೇಟರ್ ಊದಿಸಲು ಪಂಕ್ಚರ್ ಅಂಗಡಿಯ ಗಾಳಿಯೇ ಸಾಕು. ಆದರೆ ಮುಂದಿನಿಂದ ಊದಬೇಡಿ, ಕಸ ಇನ್ನೂ ಒಳಗೆ ಹೋಗಿ ಕೂರುತ್ತದೆ. ಫ್ಯಾನ್ ಇರುವ ಕಡೆಯಿಂದ ಹೊರಕ್ಕೆ ಊದಬೇಕು. ವಾಟರ್ ಸರ್ವಿಸ್‌ನವರು ಜೋರು ನೀರು ಬಿಟ್ಟು ತೆಳು ಜಾಳಿಗೆಯನ್ನು ಮಡಚಿ ಹಾಕುತ್ತಾರೆ, ಅಲ್ಲೇ ನಿಂತು ನೋಡಿಕೊಳ್ಳಿ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಅಥವಾ ತಗಡಿನ ಕವರ್ ಒಡೆದಿದೆ ಅಂತ ಬಿಚ್ಚಿ ಎಸೆದ ಗಾಡಿಗಳು ಬಹಳ ಇವೆ. ಆ ಕವರ್ ಇಲ್ಲದಿದ್ದರೆ ಫ್ಯಾನ್ ಇಂಜಿನ್ನಿನ ಬಿಸಿಗಾಳಿಯನ್ನೇ ಸುತ್ತಿಸುತ್ತ ಕೂರುತ್ತದೆ.

ಒಳಗಿನ ನೀರಿನ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ನಮ್ಮ ಕಡೆಯ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದೇ ನೀರನ್ನು ದಿನಕ್ಕೆರಡು ಸಲ ಇಂಜಿನ್ನಿಗೆ ಹಾಕುತ್ತೇವೆ. ಆ ಬಿಳಿ ಪದರ ಅಲ್ಲೂ ಕೂರುತ್ತದೆ, ಶಾಖ ದಾಟಬೇಕಾದ ಜಾಗದಲ್ಲೇ. ಶಾಖ ದಾಟಿಸುವ ಲೆಕ್ಕದಲ್ಲಿ ಒಂದು ಮಿಲಿಮೀಟರ್ ಸುಣ್ಣದ ಪದರ ಕಡಿಮೆಯೆಂದರೂ 20 ಮಿಲಿಮೀಟರ್ ಕಬ್ಬಿಣಕ್ಕೆ ಸಮ. ಲೈನರ್ ಸುತ್ತ ಬೆರಳು ದಪ್ಪದ ಕಬ್ಬಿಣ ಸುತ್ತಿದ ಹಾಗಾಯಿತು. ಆಮೇಲೆ ಎಷ್ಟು ನೀರು ಸುರಿದರೂ ಅದು ಶಾಖವನ್ನು ಮುಟ್ಟುವುದೇ ಇಲ್ಲ.

ಕೂಲಂಟ್ ಹಾಕಿ ಅಂದರೆ "ಅದು ಚಳಿ ದೇಶದವರಿಗ್ರಿ, ನೀರ ಹೆಪ್ಪಗಟ್ಟಬಾರದಂತ" ಅನ್ನುವ ಮಾತು ಬರುತ್ತದೆ. ಅರ್ಧ ನಿಜ. ಅದರಲ್ಲಿ ತುಕ್ಕು ಹಿಡಿಯದಂತೆ ತಡೆಯುವ ಔಷಧಿಯೂ ಇರುತ್ತದೆ, ಅದು ನೀರು ಕುದಿಯುವ ಮಟ್ಟವನ್ನೂ ಏರಿಸುತ್ತದೆ. ನೀರಿನೊಳಗೇ ನಿಲ್ಲುವ ಲೈನರ್ ಇರುವ ಡೀಸೆಲ್ ಇಂಜಿನ್ನುಗಳಲ್ಲಿ ಇನ್ನೊಂದು ಕಾಟ ಇದೆ. ಲೈನರ್ ನಡುಗಿದಾಗ ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ, ಒಡೆದಾಗಲೆಲ್ಲ ಕಬ್ಬಿಣವನ್ನು ಸೂಜಿಯಿಂದ ಚುಚ್ಚಿದ ಹಾಗೆ ಕೊರೆಯುತ್ತವೆ. ವರ್ಷಗಟ್ಟಲೆ ಬರೀ ನೀರು ಕುಡಿದ ಲೈನರಿನಲ್ಲಿ ತೂತು ಬಿದ್ದು ನೀರು ಆಯಿಲಿಗೆ ಸೇರುವುದು ಹೀಗೆ. ಆಗ ಆಗುವ ಇಂಜಿನ್ ಕೆಲಸದ ಬಿಲ್ಲಿನ ಮುಂದೆ ಕೂಲಂಟ್ ಡಬ್ಬದ ದುಡ್ಡು ಚಹಾದ ಲೆಕ್ಕ.

ಕೂಲಂಟ್ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಸಿಗುವ ಎಥಿಲೀನ್ ಗ್ಲೈಕಾಲ್ ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಹಳೆಯದನ್ನು ಅಂಗಳದಲ್ಲಿ ಚೆಲ್ಲಿದರೆ ನಾಯಿ ನೆಕ್ಕುತ್ತದೆ, ಕರು ನೆಕ್ಕುತ್ತದೆ. ಖಾಲಿ ಡಬ್ಬವನ್ನು ತೊಳೆದು ಎಣ್ಣೆಗೆ, ಮಜ್ಜಿಗೆಗೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಈ ಡಬ್ಬಕ್ಕೆ ಅದು ಬೇಡವೇ ಬೇಡ.

ಗಾಡಿ ಹೀಟಾಗುತ್ತದೆ ಅಂತ ಮೆಕ್ಯಾನಿಕ್ ಹತ್ತಿರ ಹೋದರೆ ಎಷ್ಟೋ ಕಡೆ ಮೊದಲು ಕಿತ್ತು ಹಾಕುವುದು ಥರ್ಮೋಸ್ಟಾಟ್. "ಅದು ಬ್ಯಾಡ ಬಿಡ್ರಿ, ನೀರ ಸಲೀಸ ಆಡ್ತಾವ." ಇದು ನಮಗೆ ಒಪ್ಪಿಗೆ ಇಲ್ಲ. ಇಂಜಿನ್ ಹದಕ್ಕೆ ಬಿಸಿಯಾಗುವ ತನಕ ನೀರನ್ನು ಒಳಗೇ ಸುತ್ತಿಸಿ, ಆಮೇಲೆ ರೇಡಿಯೇಟರಿಗೆ ಬಿಡುವುದು ಅದರ ಕೆಲಸ. ಅದು ಕೆಟ್ಟು ಮುಚ್ಚಿಕೊಂಡಿದ್ದರೆ ಹೊಸದು ಹಾಕಬೇಕು. ಕಿತ್ತೇಬಿಟ್ಟರೆ ಬೆಳಗಿನ ಹೊತ್ತು ಇಂಜಿನ್ ತಣ್ಣಗೇ ಓಡಿ ಬೋರು ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಪಕ್ಕದ ಸಣ್ಣ ದಾರಿಯಲ್ಲೇ ತಿರುಗಿ ಬಂದು ಹೀಟು ಇನ್ನೂ ಜಾಸ್ತಿ ಆಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಪಂಪ್ ಜಾಸ್ತಿ ಮಾಡಿಸುವುದು. ಸೀಸನ್ ಶುರುವಾಗುವ ಮುಂಚೆ ಡೀಸೆಲ್ ಪಂಪಿನ ಸೀಲು ಒಡೆಸಿ ಹೆಚ್ಚು ಡೀಸೆಲ್ ಹೋಗುವಂತೆ ಮಾಡಿಸಿಕೊಂಡು ಬರುತ್ತಾರೆ. ಗಾಡಿ ಚುರುಕಾಗುತ್ತದೆ ನಿಜ. ಏರಿನಲ್ಲಿ ಕರಿ ಹೊಗೆ ಕಾರುತ್ತದೆ, ಅದು ಪೂರ್ತಿ ಉರಿಯದ ಡೀಸೆಲ್, ನಿಮ್ಮ ಜೇಬಿನದು. ಆದರೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ಹಳೆಯವೇ. 50 ಎಚ್‌ಪಿ ಶಾಖಕ್ಕೆ ಮಾಡಿದ ರೇಡಿಯೇಟರಿಗೆ 60ರ ಶಾಖ ಕೊಟ್ಟರೆ ಅದು ಎಲ್ಲಿಗೆ ಹೋಗಬೇಕು? ಹೆಡ್ಡಿಗೆ, ಗ್ಯಾಸ್ಕೆಟ್ಟಿಗೆ, ಪಿಸ್ಟನ್ನಿಗೆ. ಡಿಪ್ ಸ್ಟಿಕ್ ತೆಗೆದಾಗ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ ಅಂತ ಅನುಮಾನಿಸಿ. ಆಮೇಲೆ ಒಂದು ಟ್ರಿಪ್ ಕೂಡ ಹೊಡೆಯಬೇಡಿ.

ಇನ್ನು ಅತಿ ಮುಖ್ಯವಾದ ಮಾತು, ಯಾಕೆಂದರೆ ಇದರಲ್ಲಿ ಹೋಗುವುದು ಮೈ ಚರ್ಮ. ಬಿಸಿ ಗಾಡಿಯ ರೇಡಿಯೇಟರ್ ಕ್ಯಾಪ್ ತೆಗೆಯುವುದು.

ಆ ಕ್ಯಾಪ್ ಬರೀ ಮುಚ್ಚಳ ಅಲ್ಲ. ಅದು ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಕುಕ್ಕರಿನ ಹಾಗೇ. ಒತ್ತಡ ಇದ್ದಾಗ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 0.9 ಬಾರ್ ಕ್ಯಾಪ್ ಇದ್ದರೆ ಸುಮಾರು 118 ಡಿಗ್ರಿವರೆಗೂ ನೀರಾಗೇ ಇರುತ್ತದೆ. ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಹೋಗುತ್ತದೆ, 100 ದಾಟಿದ ನೀರು ಒಮ್ಮೆಲೇ ಕುದಿದು ಚಿಮ್ಮುತ್ತದೆ. ತಲೆ ಬಗ್ಗಿಸಿ ನಿಂತವನ ಮುಖಕ್ಕೆ, ಎದೆಗೆ. ಸೀಟಿ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳ ನಮ್ಮ ತಾಯಂದಿರು ತೆಗೆಯುವುದಿಲ್ಲ. ಡ್ರೈವರ್ ಮಾತ್ರ ಹೆಗಲ ಮೇಲಿನ ಟವೆಲ್ ಸುತ್ತಿಕೊಂಡು ತೆಗೆಯುತ್ತಾನೆ, ಯಾಕೆಂದರೆ ಹಿಂದೆ ಇನ್ನೊಂದು ಗಾಡಿ ಹಾರ್ನ್ ಹೊಡೆಯುತ್ತಿದೆ, ಕಾರ್ಖಾನೆಯ ಸರದಿ ತಪ್ಪುತ್ತದೆ.

ಮುಳ್ಳು ಕೆಂಪಿಗೆ ಹೋದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಬೆಲ್ಟ್ ಹರಿದಿಲ್ಲ, ಪೈಪು ಒಡೆದಿಲ್ಲ, ನೀರು ಹೊರಗೆ ಚೆಲ್ಲಿಲ್ಲ ಅಂದರೆ ಇಂಜಿನ್ ಕೂಡಲೇ ಬಂದ್ ಮಾಡಬೇಡಿ. ಲೋಡಿಲ್ಲದೆ, ಸ್ವಲ್ಪ ರೇಸ್ ಇಟ್ಟು ಕೆಲವು ನಿಮಿಷ ಓಡಲಿ, ಫ್ಯಾನೂ ನೀರೂ ಶಾಖವನ್ನು ಹೊರಗೆ ಒಯ್ಯಲಿ. ಬೆಲ್ಟ್ ಹರಿದಿದ್ದರೆ, ನೀರು ಹೋಗಿದ್ದರೆ ತಕ್ಷಣ ಬಂದ್. ಕ್ಯಾಪ್ ಮುಟ್ಟುವ ಮುಂಚೆ ಅರ್ಧ ಗಂಟೆಯಾದರೂ ಬಿಡಿ, ಮೇಲಿನ ಪೈಪು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಿಂದ ತೆಗೆದುಹಾಕಿ. ಕತ್ತಲಲ್ಲಿ ಬೈಕಿನವರಿಗೆ ಅವು ಕಾಣುವುದಿಲ್ಲ.

ಇಷ್ಟೆಲ್ಲ ಡ್ರೈವರಿಗೆ ಬುದ್ಧಿ ಹೇಳಿದ ಹಾಗಾಯಿತು. ಆದರೆ ಡ್ರೈವರಿಗೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಗೊತ್ತಿದೆ. ಲೋಡು ಜಾಸ್ತಿ ಅನ್ನುವುದೂ ಅವನಿಗೆ ಗೊತ್ತು, ಮಾಲೀಕನಿಗೂ ಗೊತ್ತು. ಆದರೂ ಹೇರುತ್ತಾರೆ, ಯಾಕೆಂದರೆ ಬಾಡಿಗೆ ಬರುವುದು ಟನ್ನಿನ ಲೆಕ್ಕದಲ್ಲಿ. ಎಷ್ಟು ಟನ್, ಎಷ್ಟು ದೂರ, ಅಷ್ಟೇ. ಇಂಜಿನ್ ಎಷ್ಟು ಸವೆಯಿತು, ಕ್ಲಚ್ ಪ್ಲೇಟ್ ಎಷ್ಟು ಸುಟ್ಟಿತು ಅನ್ನುವುದು ಆ ಚೀಟಿಯಲ್ಲಿ ಬರುವುದಿಲ್ಲ. ಟ್ರ್ಯಾಕ್ಟರಿನ ಕಂತು ತಲೆ ಮೇಲಿರುತ್ತದೆ, ಗ್ಯಾಂಗಿಗೆ ಕೊಟ್ಟ ಮುಂಗಡ ತೀರಬೇಕು. ಕಾರ್ಖಾನೆಯ ಮುಂದೆ ಸರದಿಯಲ್ಲಿ ಒಂದು ದಿನ, ಎರಡು ದಿನ ನಿಂತರೆ ಟ್ರಿಪ್ ಕಡಿಮೆಯಾಗುತ್ತದೆ. ಕಡಿಮೆಯಾದ ಟ್ರಿಪ್ಪನ್ನು ಹೆಚ್ಚಿನ ಲೋಡಿನಲ್ಲಿ ತುಂಬಿಕೊಳ್ಳಬೇಕು. ಇದು ದುರಾಸೆ ಅಂತ ಪೇಟೆಯಲ್ಲಿ ಕೂತವರು ಹೇಳಬಹುದು, ನಾವು ಹೇಳುವುದಿಲ್ಲ.

ಕಬ್ಬು ಬೆಳೆದವನಿಗೂ ಅವಸರ. ಕಡಿದ ಕಬ್ಬು ಒಣಗುತ್ತ ಹೋದಂತೆ ತೂಕವೂ ಇಳಿಯುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ. ಹೇಗಾದರೂ ಮಾಡಿ ಇವತ್ತೇ ಎಲ್ಲ ಹೇರಿಬಿಡಿ ಅಂತ ಅವನೇ ಅನ್ನುತ್ತಾನೆ. ಹೀಗೆ ಎಲ್ಲರಿಗೂ ಹೆಚ್ಚು ಹೇರಲು ಕಾರಣ ಇದೆ, ಕಡಿಮೆ ಹೇರಲು ಯಾರಿಗೂ ಇಲ್ಲ. ಒಂದು ಟ್ರ್ಯಾಕ್ಟರಿಗೆ ಬಿಟ್ಟು. ಅದು ಕುದಿಯುತ್ತದೆ.

ಕಾನೂನು ಇಲ್ಲವೇ ಅಂದರೆ ಇದೆ. ಪ್ರತಿ ಟ್ರೇಲರಿನ ಆರ್‌ಸಿಯಲ್ಲಿ ಲೋಡು ಸೇರಿ ಅದರ ತೂಕ ಎಷ್ಟಿರಬಹುದು ಅಂತ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹೆಚ್ಚು ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಇದನ್ನು ಹಿಡಿದುಕೊಂಡು ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಅಂತ ನಾವು ಕೇಳುತ್ತಿಲ್ಲ. ರಸ್ತೆಯಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ದಂಡ ಕಟ್ಟಿದವನು ಅದನ್ನು ತುಂಬಿಕೊಳ್ಳಲು ಮರುದಿನ ಇನ್ನೂ ಎರಡು ಟನ್ ಹೇರುತ್ತಾನೆ.

ಆದರೆ ಅದೇ 194ನೇ ಕಲಮಿನ ಮಾತುಗಳನ್ನು ಸರಿಯಾಗಿ ಓದಿ. ಗಾಡಿ ಓಡಿಸಿದವನಷ್ಟೇ ಅಲ್ಲ, ಹಾಗೆ ಓಡುವಂತೆ ಮಾಡಿದವರು, ಓಡಲು ಬಿಟ್ಟವರು ಕೂಡ ಹೊಣೆ ಅಂತ ಅದರಲ್ಲಿದೆ. ಈಗ ಯೋಚಿಸಿ, ಇಡೀ ದಾರಿಯಲ್ಲಿ ಗಾಡಿಯ ತೂಕ ಕೆಜಿ ಲೆಕ್ಕದಲ್ಲಿ ಗೊತ್ತಿರುವುದು ಯಾರಿಗೆ? ಆರ್‌ಟಿಓಗೆ ಇಲ್ಲ, ಪೊಲೀಸರಿಗೆ ಇಲ್ಲ. ಕಾರ್ಖಾನೆಯ ಕಾಟಾ ಮೇಲೆ ಪ್ರತಿ ಗಾಡಿಯೂ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ತೂಗುತ್ತದೆ. ಗಾಡಿ ನಂಬರ್, ಟ್ರೇಲರ್, ತೂಕ, ಹೊತ್ತು ಎಲ್ಲ ಕಂಪ್ಯೂಟರಿನಲ್ಲಿ ಕೂರುತ್ತದೆ. ಸೀಸನ್ ಉದ್ದಕ್ಕೂ ಯಾವ ಗಾಡಿ ಎಷ್ಟು ಸಲ ಮಿತಿ ಮೀರಿ ಬಂತು ಅನ್ನುವುದು ಒಂದು ಬಟನ್ ಒತ್ತಿದರೆ ಬರುತ್ತದೆ. ಆ ತೂಕವನ್ನು ಒಪ್ಪಿ ದುಡ್ಡು ಕೊಡುವುದು "ಓಡಲು ಬಿಟ್ಟ" ಹಾಗಲ್ಲವೇ?

ನಮ್ಮ ಅಭಿಪ್ರಾಯ ಇಷ್ಟು. ಟ್ರೇಲರಿನ ಆರ್‌ಸಿ ಮಿತಿಗಿಂತ ಹೆಚ್ಚಿನ ತೂಕಕ್ಕೆ ಕಾರ್ಖಾನೆ ಸಾಗಣೆ ಬಾಡಿಗೆ ಕೊಡಬಾರದು. ಕಬ್ಬಿನ ದುಡ್ಡು ರೈತನದ್ದು, ಅದು ಪೂರ್ತಿ ಸಿಗಲಿ. ಬಾಡಿಗೆ ಮಾತ್ರ ಮಿತಿಯವರೆಗೆ. ಆ ದಿನದಿಂದಲೇ ಹೆಚ್ಚು ಹೇರುವುದರಲ್ಲಿ ಲಾಭ ಇರುವುದಿಲ್ಲ. ಆದರೆ ಇದೊಂದನ್ನೇ ಮಾಡಿದರೆ ಮಾಲೀಕರ ಹೊಟ್ಟೆ ಮೇಲೆ ಹೊಡೆದ ಹಾಗೆ. ಜೊತೆಗೆ ಟನ್ನಿನ ದರ ಏರಬೇಕು, ಮಿತಿಯೊಳಗೆ ಹೇರಿಯೂ ಕಂತು ಕಟ್ಟುವಷ್ಟು. ಸರದಿಯಲ್ಲಿ ಇಂತಿಷ್ಟು ಗಂಟೆ ದಾಟಿದರೆ ಕಾಯಿಸಿದ್ದಕ್ಕೆ ಕಾರ್ಖಾನೆ ದುಡ್ಡು ಕೊಡಬೇಕು. ಕಾಯಿಸಿದರೆ ಖರ್ಚು ಅಂತ ಆದಾಗ ಕಡಿಯುವ ಪರ್ಮಿಟ್ಟುಗಳು ತಾವಾಗೇ ಲೆಕ್ಕಕ್ಕೆ ಬರುತ್ತವೆ. ಇವತ್ತು ಕಾಯುವುದರ ಖರ್ಚನ್ನೆಲ್ಲ ಡ್ರೈವರ್ ಮತ್ತು ಕಬ್ಬು ಒಣಗಿಸಿಕೊಂಡ ರೈತ ಹೊರುತ್ತಿದ್ದಾರೆ.

ದರ ಏರಿದರೆ ಕೊನೆಗೆ ಅದನ್ನು ರೈತನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ ಅನ್ನುವ ಹೆದರಿಕೆ ಇದೆ. ಇದು ಸುಳ್ಳು ಹೆದರಿಕೆ ಅಲ್ಲ. ಕಟಾವು, ಸಾಗಣೆ ವೆಚ್ಚವನ್ನು ಕಬ್ಬಿನ ದರದಲ್ಲಿ ಕಡಿಯುವ ಪದ್ಧತಿ ಇರುವ ಕಡೆ ಹಾಗೆ ಆಗಬಹುದು. ಹಾಗಾಗಿ ಇದನ್ನು ಟ್ರ್ಯಾಕ್ಟರ್ ಮಾಲೀಕರು ಒಬ್ಬರೇ ಕೇಳಿದರೆ ರೈತರು ಎದುರು ನಿಲ್ಲುತ್ತಾರೆ, ರೈತರು ಒಬ್ಬರೇ ಕೇಳಿದರೆ ಮಾಲೀಕರು. ಕಬ್ಬಿನ ದರಕ್ಕೆ ಹೋರಾಟ ಆಗುವಾಗ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಡಬೇಕು ಅನ್ನುವುದು ನಮ್ಮ ಬೇಡಿಕೆ. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಅಣ್ಣನದು ಕಬ್ಬು, ತಮ್ಮನದು ಟ್ರ್ಯಾಕ್ಟರ್.

ಈ ಸೀಸನ್ನಿಗೆ ಸಾಗಣೆ ಕರಾರಿಗೆ ಸಹಿ ಹಾಕಿಸಿಕೊಳ್ಳಲು ಕಾರ್ಖಾನೆಯ ಸ್ಲಿಪ್ ಬಾಯ್ ಮನೆಗೆ ಬಂದಾಗ ಕಾಗದವನ್ನು ಒಮ್ಮೆ ಓದಿಸಿ ಕೇಳಿ. ಟ್ರೇಲರ್ ಎಷ್ಟು ತೂಕ ಹೊರಬಹುದು ಅಂತ ಅದರಲ್ಲಿ ಎಲ್ಲಾದರೂ ಬರೆದಿದೆಯೇ? ದಾರಿಯಲ್ಲಿ ಗಾಡಿ ಕೆಟ್ಟರೆ, ಡ್ರೈವರಿಗೆ ಸುಟ್ಟ ಗಾಯವಾದರೆ ಯಾರ ಹೊಣೆ ಅಂತ ಇದೆಯೇ? ಆ ಪುಟದ ಫೋಟೋ ನಮಗೆ ಕಳಿಸಿ, ನಿಮ್ಮ ಹೆಸರು, ಗಾಡಿ ನಂಬರ್ ಮುಚ್ಚಿಯೇ ಕಳಿಸಿ. ಬೇರೆ ಬೇರೆ ಊರಿನ ಹತ್ತು ಕರಾರು ಕೈಗೆ ಬಂದರೆ ಪಕ್ಕಪಕ್ಕ ಇಟ್ಟು ಮುಂದಿನ ಬರಹದಲ್ಲಿ ತೋರಿಸುತ್ತೇವೆ.